ಚಾಚಿ ಹಿಂಡಿದ ನಿಂಬೆಹಣ್ಣು

ಹೋದ ವಾರ ನಮ್ಮ ಇಸಿಜಿ ಕೋಣೆಗೆ ಬೈರಾಪಟ್ಟಣದ ಕಡೆಯ ಒಬ್ಬ ರೈತರು ಬಂದಿದ್ದರು. ಅಂಗಿ ಬಿಚ್ಚಿ ಮಲಗಿ ಎಂದರೆ, ಮೊದಲು ಜೇಬಿನಲ್ಲಿದ್ದುದನ್ನೆಲ್ಲ ತೆಗೆದು ನನ್ನ ಮೇಜಿನ ಮೇಲೆ ಇಡತೊಡಗಿದರು. ಬೀಗದ ಕೈ, ಬಸ್ ಟಿಕೆಟ್ಟು, ಬೀಡಿ ಕಟ್ಟು, ಕೊನೆಗೊಂದು ಉದ್ದನೆಯ ಪ್ಲಾಸ್ಟಿಕ್ ಡಬ್ಬಿ. ಮುಚ್ಚಳ ಸಡಿಲವಾಗಿತ್ತೋ ಏನೋ, ಡಬ್ಬಿ ಉರುಳಿ ಕಿತ್ತಳೆ ಬಣ್ಣದ ಮಾತ್ರೆಗಳು ಹೊರಬಿದ್ದವು. ಒಂದು ಮಾತ್ರೆ ನಾನು ಹತ್ತಿ ನೆನೆಹಾಕಿದ್ದ ನೀರಿನ ಬಟ್ಟಲಿಗೆ ಬಿದ್ದು ಬುಸ್ಸೆಂದು ನೊರೆಯೆದ್ದಿತು. ಕೋಣೆಯ ತುಂಬ ಹುಳಿ ವಾಸನೆ.

"ಸಿ ವಿಟಮಿನ್ನು ಕಣಮ್ಮ," ಅಂದರು ಅವರು, ಸಂಕೋಚದಿಂದ. "ಹಾರ್ಟ್‌ಗೆ ಒಳ್ಳೇದು ಅಂತ ಮೊಬೈಲಲ್ಲಿ ಬಂದಿತ್ತು. ದಿನಾ ಒಂದ್ ಕುಡೀತೀನಿ. ಒಳ್ಳೇದೇ ಅಲ್ವಾ?"

ಇಂಥ ಪ್ರಶ್ನೆಗೆ ನನ್ನ ಹತ್ತಿರ ಸಿದ್ಧ ಭಾಷಣವೇ ಇದೆ. ಹಣ್ಣು ತರಕಾರಿ ತಿನ್ನಿ, ಹೃದಯಕ್ಕೆ ಒಳ್ಳೆಯದು. ಆದರೆ ಸಿ ವಿಟಮಿನ್ ಮಾತ್ರೆ ನುಂಗಿದರೆ ಹೃದಯಾಘಾತ ತಪ್ಪುತ್ತದೆ ಅನ್ನುವುದನ್ನು ಯಾರೂ ಗಟ್ಟಿಯಾಗಿ ತೋರಿಸಿಕೊಟ್ಟಿಲ್ಲ. ಮೊದಲು ಆ ಬೀಡಿ ಬಿಡಿ, ಬಿಪಿ ಮಾತ್ರೆ ಬಿಡಬೇಡಿ. ಈ ಭಾಷಣದಿಂದಾಗಿಯೇ ನಮ್ಮ ಡಾಕ್ಟರು ನನ್ನನ್ನು ರೇಡಿಯೋ ಸ್ಟೇಷನ್ ಎಂದು ಕರೆಯುವುದು. ಅವತ್ತು ಮಾತ್ರ ರೇಡಿಯೋ ಸ್ಟೇಷನ್ನಿನಿಂದ ಒಂದು ಮಾತೂ ಹೊರಡಲಿಲ್ಲ. ಆ ಹುಳಿ ವಾಸನೆ ಮೂಗಿಗೆ ಹೊಡೆದದ್ದೇ ತಡ, ನಮ್ಮ ಪಕ್ಕದ ಮನೆಯ ಚಾಚಿ ಕಣ್ಣೆದುರಿಗೆ ಬಂದು ನಿಂತರು. ಒದ್ದೆ ಸೆರಗು, ಬಿರಿದ ಬೆರಳು, ಮುಷ್ಟಿಯಲ್ಲಿ ಒಂದು ನಿಂಬೆಹಣ್ಣು...

ರಾಮನಗರದಲ್ಲಿ ನಾನು ಹುಟ್ಟಿ ಬೆಳೆದದ್ದು ರೇಷ್ಮೆ ಬಿಚ್ಚುವವರ ಬೀದಿಯಲ್ಲಿ. ನಮ್ಮಪ್ಪನದು ಟೈಲರ್ ಅಂಗಡಿ. ಆದರೆ ನಮ್ಮ ಎಡಕ್ಕೂ ಬಲಕ್ಕೂ ಎದುರಿಗೂ ಇದ್ದವರೆಲ್ಲ ಗೂಡು ತಂದು ಬೇಯಿಸಿ ನೂಲು ತೆಗೆಯುವ ಸಾಬರ ಮನೆಯವರು. ಬಲಗಡೆಯ ಮನೆ ಚಾಚಿಯದು. ಆ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವರ ಚರಕದ ಕಿರುಗುಟ್ಟುವಿಕೆ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಅದು ನಿಂತರೆ ಅಮ್ಮ, "ಊಟಕ್ಕೆ ಎದ್ರು ಅಂತ ಕಾಣ್ತದೆ, ಅನ್ನಕ್ಕಿಡು" ಅನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಗಡಿಯಾರ ಕೆಟ್ಟರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಆಗಿನ್ನೂ ಕೈಚರಕದ ಕಾಲ. ಒಬ್ಬರು ಒಲೆಯ ಮೇಲಿನ ಬಿಸಿನೀರಿನ ತೊಟ್ಟಿಯ ಮುಂದೆ ಕೂತು ಬೆಂದ ಗೂಡುಗಳಿಂದ ಎಳೆ ಹುಡುಕಿ ಸೇರಿಸಿ ಕೊಡಬೇಕು, ಇನ್ನೊಬ್ಬರು ಹಿಡಿ ಹಿಡಿದು ಚಕ್ರ ತಿರುಗಿಸಬೇಕು. ಚಾಚಿ ತೊಟ್ಟಿಗೆ, ಅವರ ಗಂಡ ಚಾಚಾ ಚಕ್ರಕ್ಕೆ. ದಿನವೆಲ್ಲ ಬಿಸಿನೀರಿನಲ್ಲಿ ಅದ್ದಿ ಅದ್ದಿ ಚಾಚಿಯ ಬೆರಳ ತುದಿಗಳು ಬಿಳುಚಿ, ಸುಕ್ಕಾಗಿ, ಸಂದುಗಳಲ್ಲಿ ಬಿರಿದಿದ್ದವು. ನನ್ನ ಗಲ್ಲ ಸವರಿದರೆ ತರಚುತ್ತಿತ್ತು. ಆದರೂ ನಾನು ಗಲ್ಲ ಮುಂದೆ ಮಾಡುತ್ತಿದ್ದೆ, ಯಾಕೆಂದರೆ ಸವರಿದ ಮೇಲೆ ಅವರು ಸೆರಗಿನ ಗಂಟಿನಿಂದ ಏನಾದರೂ ತೆಗೆದು ಕೊಡುವುದು ಖಾತ್ರಿಯಾಗಿತ್ತು.

ಪಿಯುಸಿ ಮುಗಿಸಿ ನಾನು ಮಂಡ್ಯದ ಒಂದು ನರ್ಸಿಂಗ್ ಶಾಲೆಗೆ ಸೇರಿದೆ. ಸೇರಿ ತಿಂಗಳಾಗಿತ್ತೋ ಇಲ್ಲವೋ, ನನಗೆ ಕೊಂಬು ಮೂಡಿತು. ಶನಿವಾರ ರೈಲಿಳಿದು ಬೀದಿಗೆ ಕಾಲಿಟ್ಟರೆ ಸಾಕು, ಯಾರ ನಾಲಿಗೆ ಬಿಳಿ, ಯಾರ ಕಣ್ಣು ಹಳದಿ ಎಂದು ನೋಡುವುದೇ ಕೆಲಸ. ಅಪ್ಪನ ಊಟದ ತಟ್ಟೆಯಲ್ಲೂ ತಪ್ಪು ಹುಡುಕುತ್ತಿದ್ದೆ. ಅಪ್ಪ, "ಇವಳು ಪಾಸಾಗೋದ್ರೊಳಗೆ ನಾವೆಲ್ಲ ಉಪವಾಸ ಸಾಯ್ತೀವಿ" ಎಂದು ರೇಗಿಸುತ್ತಿದ್ದ. ಚಾಚಿ ಮಾತ್ರ ನನ್ನನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದರು. ನನ್ನ ಹೆಸರೇ ಬಿಟ್ಟು ಡಾಕ್ಟ್ರಮ್ಮ ಎಂದು ಕರೆಯಲು ಶುರುಮಾಡಿದರು. ನಾನೂ ಅಲ್ಲವೆನ್ನಲಿಲ್ಲ.

ಒಂದು ಸಲ ಅವರ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿ, ಒಸಡಿನಲ್ಲಿ ರಕ್ತ ಬರುತ್ತದೆಯೇ ಎಂದು ಕೇಳಿದೆ. ಬರುತ್ತದೆ ಅಂದರು. ನ್ಯೂಟ್ರಿಷನ್ ಪಾಠ ಆಗತಾನೆ ಆಗಿತ್ತಲ್ಲ, ಬಾಯಿ ಬಿಟ್ಟರೆ ಅದೇ. ನಿಮಗೆ ಸಿ ವಿಟಮಿನ್ ಸಾಲದು, ದಿನಾ ಬೆಳಗ್ಗೆ ಅರ್ಧ ನಿಂಬೆಹಣ್ಣು ನೀರಿಗೆ ಹಿಂಡಿಕೊಂಡು ಕುಡಿಯಿರಿ, ಗಾಯ ಮಾಯುತ್ತದೆ, ಒಸಡು ಗಟ್ಟಿಯಾಗುತ್ತದೆ ಅಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಒಗ್ಗರಣೆ ಇರಲಿ ಎಂದು, "ರಕ್ತನಾಳಕ್ಕೂ ಒಳ್ಳೇದು ಚಾಚಿ, ಹಾರ್ಟ್‌ಗೂ ಒಳ್ಳೇದು" ಎಂದು ಸೇರಿಸಿದೆ.

"ಹಾರ್ಟ್‌ಗೂವಾ?" ಅಂದರು ಚಾಚಿ. ಅವರ ಕಣ್ಣು ಚಕ್ರದ ಹತ್ತಿರ ಬೀಡಿ ಹಚ್ಚುತ್ತ ಕೂತಿದ್ದ ಚಾಚಾ ಕಡೆಗೆ ಹೋಯಿತು.

ನಮ್ಮ ಹಿತ್ತಲಲ್ಲಿ ಒಂದು ನಿಂಬೆಗಿಡವಿತ್ತು. ಅದರ ಒಂದು ಕೊಂಬೆ ಗೋಡೆ ದಾಟಿ ಚಾಚಿಯ ಹಿತ್ತಲಿಗೆ ಬಾಗಿತ್ತು. ಆ ಕೊಂಬೆಯ ಹಣ್ಣು ಅವರದೇ ಎಂದು ಯಾವ ಕಾಲದಲ್ಲೋ ಮಾತಾಗಿತ್ತು. ಮಾರನೆಯ ದಿನದಿಂದ ಬೆಳಗ್ಗೆ ಬೆಳಗ್ಗೆ ಚಾಚಿ ಹಣ್ಣು ಕಿತ್ತು ಚಾಚಾಗೆ ನಿಂಬೆನೀರು ಮಾಡಿಕೊಡಲು ತೊಡಗಿದರು. ತಮಗಲ್ಲ. ನಾನು ಹೇಳಿದ್ದು ಅವರ ಬೆರಳಿಗೆ, ಅವರು ಕೊಟ್ಟಿದ್ದು ಗಂಡನ ಹೃದಯಕ್ಕೆ. ನೀವೂ ಕುಡಿಯಿರಿ ಚಾಚಿ ಅಂದರೆ, "ಹಿಂಡ್ವಾಗ ಬೆರಳಿಗೆ ಹತ್ತತದಲ್ಲ, ಅಷ್ಟೇ ಸಾಕು ಬುಡು" ಎಂದು ನಗುತ್ತಿದ್ದರು. ಬಿರಿದ ಬೆರಳಿಗೆ ನಿಂಬೆರಸ ತಾಕಿದರೆ ಹೇಗೆ ಉರಿಯುತ್ತದೆ ಎನ್ನುವುದು ಈಗ ದಿನಕ್ಕೆ ಹತ್ತಾರು ಸಲ ಸ್ಪಿರಿಟ್ಟಿನಲ್ಲಿ ಕೈ ಒರೆಸಿಕೊಳ್ಳುವ ನನಗೆ ಗೊತ್ತು. ಆಗ ಗೊತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಮಾರುಕಟ್ಟೆಗೆ ಗೂಡು ಚೆನ್ನಾಗಿ ಬರುತ್ತಿತ್ತು. ಕಲ್ಯ, ಗುಡೇಮಾರನಹಳ್ಳಿ ಕಡೆಯ ಒಳ್ಳೆಯ ಗೂಡು ಸಿಕ್ಕಿದೆಯೆಂದು ಚಾಚಾ ಬಿಡುವಿಲ್ಲದೆ ಚಕ್ರ ತಿರುಗಿಸುತ್ತಿದ್ದರು. ಒಂದು ಶನಿವಾರ ನಾನು ಬಂದಾಗ ಅವರು ಜಗಲಿಯ ಮೇಲೆ ಬೆವರುತ್ತ ಕೂತು ಎಡದೋಳನ್ನು ಒತ್ತಿಕೊಳ್ಳುತ್ತಿದ್ದರು.

ನಮ್ಮ ಬೀದಿಯಲ್ಲಿ ತೋಳು ನೋವು ಅಂದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ ಎನ್ನುವುದನ್ನು ಇಲ್ಲಿ ಹೇಳಬೇಕು. ಚಕ್ರ ತಿರುಗಿಸುವವರಿಗೆ ತೋಳು ನೋಯುತ್ತದೆ, ಅದರಲ್ಲೇನು? ಬಲಗೈ ಸೋತರೆ ಎಡಗೈಗೆ ಬದಲಾಯಿಸಿಕೊಳ್ಳುತ್ತಾರೆ, ಎಡಗೈ ಸೋತರೆ ಬಲಗೈಗೆ. ಹಾಗೆಯೇ ಬೆವರು. ಒಲೆಯ ಮುಂದೆ ದುಡಿಯುವವರು ಬೆವರದೆ ಇರುತ್ತಾರೆಯೇ? ಬೇರೆ ಬೀದಿಯಲ್ಲಾಗಿದ್ದರೆ ಯಾವ ಎರಡು ಸಂಗತಿಗಳನ್ನು ಕಂಡು ಜನ ಗಾಬರಿಯಾಗುತ್ತಿದ್ದರೋ ಅವೆರಡೂ ನಮ್ಮಲ್ಲಿ ಕೆಲಸದ ಭಾಗವಾಗಿದ್ದವು.

"ಡಾಕ್ಟ್ರಮ್ಮ ಬಂದ್ಲು, ತೋರ್ಸ್ರಿ," ಅಂದರು ಚಾಚಿ.

ನಾನು ಬ್ಯಾಗು ಕೂಡ ಇಳಿಸದೆ ತೋಳು ಒತ್ತಿ ನೋಡಿದೆ. ಒತ್ತಿದರೆ ನೋಯುತ್ತದೆಯೇ ಎಂದರೆ ಇಲ್ಲ ಅಂದರು. ಆ ಇಲ್ಲವನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಈಚೆಗೆ ಯಾವ ಕೈಯಲ್ಲಿ ಜಾಸ್ತಿ ತಿರುಗಿಸುತ್ತೀರಿ ಎಂದು ಕೇಳಿದೆ. ಎಡಗೈ ಅಂದರು. ನನಗೆ ಬೇಕಾದ ಉತ್ತರ ಅದೇ ಆಗಿತ್ತು.

"ಚರಕದ ನೋವೇ ಚಾಚಾ. ಎರಡು ದಿನ ಕೈಗೆ ರಜಾ ಕೊಡಿ, ಹೋಗತ್ತೆ."

"ಗೂಡಿನ್ ಮೂಟೆ ಎತ್ತುದ್ರೆ ಎದೇಲೂ ಒಸಿ ಬಿಗ್ದಂಗೆ..." ಎಂದು ಅವರು ಏನೋ ಹೇಳಲು ಹೊರಟರು.

ನಾನು ಮುಗಿಸಲು ಬಿಡಲಿಲ್ಲ. "ಬೀಡಿ ಸೇದಿ ಸೇದಿ ಗ್ಯಾಸ್ ತುಂಬ್ಕೊಂಡಿರತ್ತೆ" ಎಂದು ಗದರಿಸಿದೆ. ಚಾಚಾ ನಕ್ಕರು. ಚಾಚಿಯೂ ನಕ್ಕರು, ಒಬ್ಬರಾದರೂ ಬೀಡಿಯ ವಿಷಯಕ್ಕೆ ಬೈದರಲ್ಲ ಎನ್ನುವ ಸಂತೋಷಕ್ಕೆ. ಅಮ್ಮ ಒಳಗಿನಿಂದ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ತಂದು ಕೊಟ್ಟಳು. ಚಾಚಿ ಗಂಡನ ತೋಳಿಗೆ ಶಾಖ ಕೊಡುತ್ತ ಕೂತರು. ಹಾಯಾಯಿತು ಅಂದರು ಚಾಚಾ. ನಾನು ಕೈ ತೊಳೆದು ಊಟಕ್ಕೆ ಕೂತೆ.

ಸೋಮವಾರ ನಾನು ಮಂಡ್ಯಕ್ಕೆ ಹೋದೆ. ಆ ವಾರದ ನಡುವೆಯೇ ಹಾಸ್ಟೆಲ್ಲಿಗೆ ಅಪ್ಪನ ಫೋನು ಬಂತು.

ಬೆಳಗ್ಗೆ ನಿಂಬೆನೀರು ಕುಡಿದು ಚಕ್ರಕ್ಕೆ ಕೂತಿದ್ದರಂತೆ. ಕೆಲಸ ಶುರುವಾಗಿ ಸ್ವಲ್ಪ ಹೊತ್ತಿಗೆ ಚಕ್ರ ನಿಂತುಹೋಯಿತು. ಚಾಚಿ ತೊಟ್ಟಿಯಿಂದ ತಲೆ ಎತ್ತಲಿಲ್ಲ. ಎತ್ತಿದರೆ ಎಳೆ ತಪ್ಪಿಹೋಗುತ್ತದಲ್ಲ. ತಲೆ ತಗ್ಗಿಸಿಕೊಂಡೇ, "ಯಾಕ್ರೀ ನಿಲ್ಲಿಸ್ಬುಟ್ರಿ? ಎಳೆ ಕಡೀತು ನೋಡಿ" ಎಂದು ಬೈದರಂತೆ. ಎರಡನೆಯ ಸಲ ಬೈದು ತಲೆ ಎತ್ತಿದಾಗ ಚಾಚಾ ಚಕ್ರಕ್ಕೆ ಒರಗಿಕೊಂಡಿದ್ದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಾರ್ಟ್ ಅಟ್ಯಾಕ್ ಎಂದು ಹೇಳಿ ಕಳುಹಿಸಿದರು.

ನಾನು ಬಂದಾಗ ಚಾಚಿ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಪುಟ್ಟ ಮಕ್ಕಳು, ಸುತ್ತ ಹೆಂಗಸರು. ನನ್ನನ್ನು ಕಂಡು ಕೈ ಚಾಚಿದರು. ಹತ್ತಿರ ಹೋದೆ. ನನಗೆ ಹೆದರಿಕೆ. ನಿಂಬೆನೀರು ಹೇಳಿದ್ದು ನಾನಲ್ಲವೇ? ಎಲ್ಲರೆದುರಿಗೆ ಏನನ್ನುತ್ತಾರೋ! ಚಾಚಿ ನನ್ನ ತಲೆಯನ್ನು ಹತ್ತಿರ ಎಳೆದುಕೊಂಡು, ಬೇರೆ ಯಾರಿಗೂ ಕೇಳದ ಹಾಗೆ ಕಿವಿಯಲ್ಲಿ ಹೇಳಿದರು.

"ನೀನು ಅರ್ಧ ಅಂದಿದ್ದೆ ಬೇಟಿ. ನಾನು ಪೂರ್ತಿ ಹಿಂಡ್ಬುಟ್ಟೆ. ಬೇಗ ಗುಣ ಕೊಡ್ಲಿ ಅಂತ ದಿನಾ ಪೂರ್ತಿ ಹಣ್ಣು ಹಿಂಡ್ದೆ. ಹಾಲನ್ನೇ ಒಡೀತದೆ ಆ ಹುಳಿ, ರಕ್ತ ಒಡೀದೆ ಬುಡ್ತದಾ? ನಾನೇ ಕೊಂದ್ಬುಟ್ಟೆ."

ಆ ಕ್ಷಣ ನನಗೆ ಅನ್ನಿಸಿದ್ದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ. ನನಗೆ ನಿರಾಳವಾಯಿತು. ಅವರು ನನ್ನ ಮಾತನ್ನು ದೂರಲಿಲ್ಲ, ತಮ್ಮ ಕೈಯನ್ನು ದೂರಿಕೊಂಡರು. ಅರ್ಧ ಹಣ್ಣಿನಿಂದಾಗಲಿ ಇಡೀ ಹಣ್ಣಿನಿಂದಾಗಲಿ ಯಾರ ರಕ್ತವೂ ಒಡೆಯುವುದಿಲ್ಲ ಎಂದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಅದನ್ನು ಹೇಳಲು ಒಂದು ಉಸಿರು ಸಾಕಿತ್ತು. ನಾನು ಅವರ ಬೆನ್ನು ಸವರುತ್ತ ಸುಮ್ಮನೆ ಕೂತೆ. ನೋಡಿದವರು ಎಷ್ಟು ಒಳ್ಳೆಯ ಹುಡುಗಿ ಅಂದುಕೊಂಡಿರಬೇಕು.

ಮುಂದಿನ ವರ್ಷ ಹೃದಯದ ಕಾಯಿಲೆಗಳ ಪಾಠ ಬಂತು. ನಮ್ಮ ಮೇಡಂ ಬೋರ್ಡಿನ ಮೇಲೆ ಮನುಷ್ಯನ ಚಿತ್ರ ಬರೆದು, ಎದೆಯಿಂದ ಎಡ ಭುಜಕ್ಕೆ, ಭುಜದಿಂದ ಎಡದೋಳಿನ ಒಳಮಗ್ಗುಲಿಗೆ ಬಣ್ಣದ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಒತ್ತಿದರೆ ನೋವು ಹೆಚ್ಚಾಗುವುದಿಲ್ಲ, ಭಾರ ಎತ್ತಿದರೆ ಹೆಚ್ಚಾಗುತ್ತದೆ, ಎದೆ ಬಿಗಿಯುತ್ತದೆ, ಬೆವರುತ್ತಾರೆ ಅಂದರು. ಪಕ್ಕದವಳು ಚಕಚಕ ಬರೆದುಕೊಳ್ಳುತ್ತಿದ್ದಳು. ನನ್ನ ಪೆನ್ನು ಆಡಲಿಲ್ಲ. ಆ ತೋಳನ್ನು ನಾನು ಮುಟ್ಟಿ ನೋಡಿದ್ದೆ. ಅವರು ಬಾಯಿ ಬಿಟ್ಟು ಹೇಳಲು ಬಂದಿದ್ದರು, ನಾನು ಗದರಿಸಿದ್ದೆ...

ಅವತ್ತೇ ಆಸ್ಪತ್ರೆಗೆ ಕಳುಹಿಸಿದ್ದರೆ ಉಳಿಯುತ್ತಿದ್ದರೇ? ಹೇಳಲಾರೆ. ಬೆಂಗಳೂರೇನು ದೂರವಿಲ್ಲ, ಒಂದೆರಡು ಗಂಟೆಯ ದಾರಿ. ಉಳಿಯಬಹುದಿತ್ತು. ಉಳಿಯದೆಯೂ ಇರಬಹುದಿತ್ತು. ನೀನಿನ್ನೂ ಕಲಿಯುತ್ತಿದ್ದ ಹುಡುಗಿ, ನಿನ್ನದೇನು ತಪ್ಪು ಎಂದು ಕೇಳಿದವರೆಲ್ಲ ಹೇಳುತ್ತಾರೆ. ಕೇಳಿದವರು ಅಂದರೆ ನನ್ನ ಗಂಡ ಒಬ್ಬರೇ. ಅವರ ಮಾತು ನಿಜವೇ. ಆದರೆ ಚಾಚಾ ತೋಳು ತೋರಿಸಿದ್ದು ಡಾಕ್ಟ್ರಮ್ಮನಿಗೆ, ಕಲಿಯುವ ಹುಡುಗಿಗಲ್ಲ. ಆ ಹೆಸರನ್ನು ಖುಷಿಯಿಂದ ಇಟ್ಟುಕೊಂಡವಳು ನಾನು.

ಚಾಚಿ ಮತ್ತೆ ನಿಂಬೆಹಣ್ಣು ಮುಟ್ಟಲಿಲ್ಲ. ಗೋಡೆ ದಾಟಿದ ಕೊಂಬೆಯನ್ನು ಕಡಿಸಿಬಿಡಿ ಎಂದು ಅಪ್ಪನಿಗೆ ಹೇಳಿಕಳುಹಿಸಿದರು. ಅಪ್ಪ ಯಾಕೆಂದು ಕೇಳದೆ ಕಡಿಸಿದ. ಅವರ ಮನೆಯಲ್ಲಿ ಸಾರಿಗೆ ಹುಣಸೆಹುಳಿ, ಸಲಾಡಿಗೆ ಬರೀ ಈರುಳ್ಳಿ. ಕಡು ಬೇಸಿಗೆಯ ರಂಜಾನಿನಲ್ಲೂ ಇಫ್ತಾರಿಗೆ ಶರಬತ್ತಿಲ್ಲ. ಮಕ್ಕಳು ಹೊರಗೆ ಎಲ್ಲಾದರೂ ನಿಂಬೆ ಸೋಡಾ ಕುಡಿದು ಬಂದರೆ ವಾಸನೆ ಹಿಡಿದು ಬೈಯುತ್ತಿದ್ದರು. ಬೀದಿಯವರು ಗಂಡ ಹೋದ ಮೇಲೆ ಅವರಿಗೆ ತಲೆ ಒಂಥರಾ ಆಗಿದೆ ಅಂದುಕೊಂಡರು. ಕಾರಣ ಗೊತ್ತಿದ್ದದ್ದು ನನಗೊಬ್ಬಳಿಗೆ. ತಿಂಗಳಿಗೊಮ್ಮೆ ಊರಿಗೆ ಬಂದಾಗಲೆಲ್ಲ ಹೇಳಿಬಿಡಬೇಕು ಅಂದುಕೊಂಡು ಅವರ ಹೊಸ್ತಿಲು ದಾಟುತ್ತಿದ್ದೆ. ಅವರು ಚಹಾ ಕೊಡುತ್ತಿದ್ದರು, ಕುಡಿದು ಬರುತ್ತಿದ್ದೆ. ನಿಂಬೆಹಣ್ಣು ಅಲ್ಲ ಅಂದರೆ ಮತ್ತೇನು ಎಂದು ಕೇಳುತ್ತಾರೆ. ಆಗ ತೋಳಿನ ಮಾತು ಬರುತ್ತದೆ, ಉಪ್ಪಿನ ಶಾಖದ ಮಾತು ಬರುತ್ತದೆ. ಅಮ್ಮನಿಗೆ ನೋವಾಗಬಾರದು ಎಂದು ಸುಮ್ಮನಿದ್ದೇನೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆಮೇಲೆ ಅಮ್ಮ ತೀರಿಕೊಂಡಳು. ಆಗಲೂ ನಾನು ಬಾಯಿ ಬಿಡಲಿಲ್ಲ ಎಂದ ಮೇಲೆ ಅದೂ ಸುಳ್ಳೇ ಅನ್ನಬೇಕು.

ಚಾಚಿ ಚರಕ ಮಾರಿ ಬೇರೆಯವರ ಘಟಕದಲ್ಲಿ ಕೂಲಿಗೆ ಹೋಗಿ ಮಕ್ಕಳನ್ನು ಸಾಕಿದರು. ಮಗಳಿಗೆ ಚನ್ನಪಟ್ಟಣದಲ್ಲಿ ಗಂಡು ಗೊತ್ತಾಯಿತು, ಗೊಂಬೆ ಮಾಡುವವರ ಮನೆ. ಮದುವೆಗೆ ನಾನೂ ಹೋಗಿದ್ದೆ. ಊಟಕ್ಕೆ ಕೂತರೆ ಬಿರಿಯಾನಿಯ ತಟ್ಟೆಯಲ್ಲಿ ನಿಂಬೆಯ ಚೂರಿಲ್ಲ. ಗಂಡಿನ ಕಡೆಯ ಹಿರಿಯರೊಬ್ಬರು ಜೋರಾಗಿಯೇ ಅಂದರು: "ಏನ್ಲಾ ಇದು, ಹೆಣ್ಣಿನ್ ಮನೇರು ಕುರಿ ಕಡ್ದವ್ರೆ, ಒಂದ್ ನಿಂಬೆಹಣ್ ಕುಯ್ಯಕ್ಕಾಗ್ಲಿಲ್ವಾ?" ಪಂಕ್ತಿಯಲ್ಲಿ ನಗು ಎದ್ದಿತು. ಅಡುಗೆಯವನು ಬಂದು, ತಾನು ಸಾಮಾನಿನ ಪಟ್ಟಿಯಲ್ಲಿ ಬರೆಸಿದ್ದೆ, ಈ ಯಮ್ಮನೇ ತರಿಸಬೇಡ ಅಂದರು ಎಂದು ಕೈ ತೋರಿಸಿದ. ಹೊಸ ಬೀಗರೆದುರು ಚಾಚಿಯ ಮುಖ ಸಣ್ಣದಾಯಿತು. ಮದುಮಗಳು ತಲೆ ತಗ್ಗಿಸಿದಳು.

ನಾನು ಊಟ ಬಿಟ್ಟು ಎದ್ದು ಅವರನ್ನು ಪಾತ್ರೆ ತೊಳೆಯುವ ಕಡೆ ಕರೆದುಕೊಂಡು ಹೋದೆ. ಅಳು ನುಂಗಿಕೊಂಡು ಚಾಚಿ ಕೇಳಿದರು. "ಅವರಪ್ಪನ್ ಜೀವ ತೆಗ್ದಿದ್ ಹಣ್ಣ, ಅವಳ್ ಮದ್ವೇಲಿ ಇಕ್ಕು ಅಂತೀಯಾ?"

ಅಷ್ಟು ವರ್ಷವಾಗಿತ್ತು. ಮಗಳು ಬೆಳೆದು ಮದುವೆಯಾಗುವಷ್ಟು ಕಾಲ ಈ ಹೆಂಗಸು ತಾನು ಕೊಲೆಗಾತಿ ಎಂದು ನಂಬಿಕೊಂಡು ಅನ್ನ ಬೇಯಿಸಿತ್ತು, ನಮಾಜು ಮಾಡಿತ್ತು, ನನಗೆ ಚಹಾ ಕೊಟ್ಟಿತ್ತು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಮದುವೆಯ ಗಲಾಟೆ ಮುಗಿದ ಮೇಲೆ ಒಂದು ಮಧ್ಯಾಹ್ನ ರಜೆ ಹಾಕಿ ಅವರ ಮನೆಗೆ ಹೋದೆ. ಅಷ್ಟರಲ್ಲಿ ನಾನು ರಾಮನಗರದಲ್ಲೇ ಆಸ್ಪತ್ರೆಯ ಕೆಲಸಕ್ಕೆ ಸೇರಿದ್ದೆ. ಇಸಿಜಿ ತೆಗೆಯುವುದೇ ನನ್ನ ಕೆಲಸ. ಚಾಚಿ ಒಬ್ಬರೇ ಅವರೆಕಾಯಿ ಸುಲಿಯುತ್ತಿದ್ದರು. ಎದುರಿಗೆ ಕೂತು ನಾನೂ ಸುಲಿಯತೊಡಗಿದೆ. ಆಮೇಲೆ ಹೇಳಿದೆ. ನಿಂಬೆಹಣ್ಣು ಯಾರನ್ನೂ ಕೊಲ್ಲುವುದಿಲ್ಲ ಚಾಚಿ. ಅರ್ಧ ಹಿಂಡಿದರೂ ಅಷ್ಟೇ, ಪೂರ್ತಿ ಹಿಂಡಿದರೂ ಅಷ್ಟೇ. ಹಾಲು ಒಡೆಯುವುದೇ ಬೇರೆ, ರಕ್ತವೇ ಬೇರೆ. ಹೊಟ್ಟೆಗೆ ಹೋದ ಹುಳಿ ಹಾಗೇ ರಕ್ತಕ್ಕೆ ಹೋಗುವುದಿಲ್ಲ. ದಿನಾ ಹೃದಯದ ರೋಗಿಗಳನ್ನು ನೋಡುತ್ತೇನೆ, ನಿಂಬೆಹಣ್ಣಿನಿಂದ ಬಂದವರು ಒಬ್ಬರೂ ಇಲ್ಲ. ನೀವು ಕೊಲ್ಲಲಿಲ್ಲ.

ಚಾಚಿಯ ಕೈ ನಿಂತಿತು. "ಆಣೆ ಮಾಡು," ಅಂದರು.

ಮಾಡಿದೆ. ಅವರ ತಲೆ ಮುಟ್ಟಿ ಆಣೆ ಮಾಡಿದೆ.

ಅವರು ಅಳಲಿಲ್ಲ. ಮಡಿಲಿನ ಕಾಳನ್ನೆಲ್ಲ ಮೊರಕ್ಕೆ ಸುರಿದರು. ಆಮೇಲೆ ಮಕ್ಕಳು ಕೇಳುವ ಹಾಗೆ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಕೇಳಿದರು. "ಹಂಗಾರೆ ಅವ್ರು ಯಾತ್ಕೋದ್ರು?"

ಅದೇ ಪ್ರಶ್ನೆ. ಇಷ್ಟು ವರ್ಷ ನಾನು ಹೆದರಿದ್ದ ಪ್ರಶ್ನೆ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ತೋಳು ನೋವು ಚರಕದ್ದಲ್ಲ ಚಾಚಿ, ಹೃದಯದ್ದು. ಚಾಚಾ ನನಗೆ ಹೇಳಿದ್ದರು, ನನಗೆ ತಿಳಿಯಲಿಲ್ಲ, ತಿಳಿದವಳ ಹಾಗೆ ಮಾತಾಡಿದೆ... ಅವರ ಕಣ್ಣು ನನ್ನ ಮೇಲಿತ್ತು. ಆ ಕಣ್ಣಿನಲ್ಲಿ ನಾನಿನ್ನೂ ಡಾಕ್ಟ್ರಮ್ಮನಾಗಿದ್ದೆ.

"ಗೊತ್ತಿಲ್ಲ ಚಾಚಿ," ಅಂದೆ. "ಕೆಲವು ಸಲ ನಮಗೂ ಗೊತ್ತಾಗಲ್ಲ."

"ಇರ್ತದೆ," ಅಂದರು ಅವರು. ನನ್ನ ಮುಖ ಹೇಗಾಗಿತ್ತೋ, ಕೈ ಚಾಚಿ ಗಲ್ಲ ಸವರಿದರು. "ಓದ್ದೋರ್ಗೂ ಗೊತ್ತಾಗ್ದಿರೋದು ಒಂದೊಂದ್ ಇರ್ತದೆ. ನೀನ್ಯಾಕೆ ಮುಖ ಬಾಡಿಸ್ಕೊಂಡೀ? ಬುಡು." ಸಮಾಧಾನ ಹೇಳಲು ಹೋದವಳಿಗೆ ಅವರೇ ಸಮಾಧಾನ ಹೇಳಿದರು. ಎದ್ದು ಹೋಗಿ ಮೂಲೆಯಂಗಡಿಯಿಂದ ನಿಂಬೆಹಣ್ಣು ತಂದು ಹಿಂಡಿ, ಸಕ್ಕರೆ ಹಾಕಿ, ಒಂದು ಲೋಟ ನನಗೆ ಕೊಟ್ಟು ಒಂದು ಲೋಟ ತಾವು ಹಿಡಿದುಕೊಂಡರು. ಮೊದಲ ಗುಟುಕಿಗೆ ಮುಖ ಕಿವುಚಿ ನಕ್ಕರು. ಚಾಚಾ ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನಾನೂ ಕುಡಿದೆ. ಒಂದು ಹನಿಯೂ ಬಿಡದೆ ಕುಡಿದೆ.

ಅಲ್ಲಿಂದ ಚಾಚಿಗೆ ಹೊಸ ಜೀವ ಬಂತು ಎಂದೇ ಹೇಳಬೇಕು. ಬೀದಿಯಲ್ಲಿ ಸಿಕ್ಕವರಿಗೆಲ್ಲ, "ನಮ್ ಹುಡ್ಗಿ ಆಸ್ಪತ್ರೇಲವ್ಳೆ, ಆಣೆ ಮಾಡಿ ಹೇಳುದ್ಲು" ಎಂದು ಸಾರಿಕೊಂಡು ಬಂದರು. ಮಗಳ ಮನೆಗೆ ಒಂದು ಬುಟ್ಟಿ ನಿಂಬೆಹಣ್ಣು ಹೊತ್ತುಕೊಂಡು ಹೋಗಿ ಬೀಗರನ್ನು ಬೆರಗುಗೊಳಿಸಿದರಂತೆ. ಕೊನೆಕೊನೆಗೆ ಮಗಳ ಜೊತೆ ಚನ್ನಪಟ್ಟಣದಲ್ಲೇ ಇದ್ದರು. ನಾನು ಆಗಾಗ ಹೋಗುತ್ತಿದ್ದೆ. ಹೋದಾಗಲೆಲ್ಲ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಕೈ ಬಿಡಿಸಿಕೊಳ್ಳಬೇಕು ಅನ್ನಿಸುತ್ತಿತ್ತು, ಬಿಡಿಸಿಕೊಂಡರೆ ಅವರಿಗೆ ನೋವಾಗುತ್ತಿತ್ತು. ಬರಬರುತ್ತ ನಾನು ಹೋಗುವುದನ್ನೇ ಕಡಿಮೆ ಮಾಡಿದೆ. ಡ್ಯೂಟಿ ಇತ್ತು ಎಂದು ಫೋನಿನಲ್ಲಿ ಹೇಳುತ್ತಿದ್ದೆ.

ಇತ್ತ ಆಸ್ಪತ್ರೆಯಲ್ಲಿ ನನ್ನದು ಬೇರೆಯೇ ಹುಚ್ಚು. ರೇಷ್ಮೆ ಕೆಲಸದವರು ಯಾರೇ ಬರಲಿ, ತೋಳು ನೋವು ಅಂದರೆ ಚೀಟಿಗೂ ಕಾಯದೆ ಮಲಗಿಸಿ ಇಸಿಜಿ ತೆಗೆಯುತ್ತೇನೆ. "ಸುಮ್ನೆ ನೋವಿನೆಣ್ಣೆ ಬರ್ಕೊಡಕ್ಕ" ಎಂದು ಅವರು ಗೊಣಗುತ್ತಾರೆ. ಡಾಕ್ಟರು ಪೇಪರ್ ರೋಲು ಮುಗಿಸಿಬಿಡುತ್ತೀಯ ಎಂದು ಬೈಯುತ್ತಾರೆ. ಬಹಳ ಸಲ ಏನೂ ಇರುವುದಿಲ್ಲ. ಇದ್ದವರು ಸಿಕ್ಕಿದ್ದಾರೆ, ಉಳಿದೂ ಇದ್ದಾರೆ. ಅವರ ಮನೆಯವರು ಕೈ ಮುಗಿಯುತ್ತಾರೆ. ಅದರಿಂದ ಚಾಚಾ ಲೆಕ್ಕ ತೀರುತ್ತದೆ ಎಂದು ನಾನು ಅಂದುಕೊಂಡಿಲ್ಲ. ಒಬ್ಬರ ಬದಲಿಗೆ ಇನ್ನೊಬ್ಬರು ಅನ್ನುವುದು ಜೀವದ ವಿಷಯದಲ್ಲಿ ನಡೆಯುವುದಿಲ್ಲ.

ಆ ಬೈರಾಪಟ್ಟಣದ ರೈತರನ್ನು ಕಳುಹಿಸಿಕೊಟ್ಟ ಸಂಜೆ, ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ಹೋದೆ. ಚಾಚಿ ತೀರಿಕೊಂಡು ವರ್ಷವಾಗುತ್ತ ಬಂದಿದೆ. ನಿದ್ದೆಯಲ್ಲೇ ಹೋದರು. ಆಗ ಮಣ್ಣಿಗೆ ಹೋಗಿ ಬಂದವಳು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಅವರ ಮಗಳು ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡಳು. ಒಳಗೆ ಕೂರಿಸಿ, ಚಹಾ ಕೊಟ್ಟು, ಅದೂ ಇದೂ ಮಾತಾಡುತ್ತ ಹೇಳಿದಳು. "ಅಮ್ಮಿ ದಿನಾ ನಮಾಜ್ ಆದ್ಮೇಲೆ ದುವಾ ಕೇಳ್ವಾಗ ನಿಮ್ಮೆಸ್ರೇ ಮೊದ್ಲು ಅಕ್ಕ. ನಮ್ಮೆಸ್ರೆಲ್ಲ ಆಮೇಲೆ. ನಂಗೆ ಹೊಟ್ಟೆಕಿಚ್ಚಾಗೋದು."

ನಾನು ಚಹಾ ಕೆಳಗಿಟ್ಟೆ.

"ಎಷ್ಟ್ ವರ್ಷ ಅಮ್ಮಿ ಒಳಗೊಳಗೇ ಕೊರಗ್ತಿದ್ರು," ಅಂದಳು ಅವಳು. "ಅವತ್ತು ನೀವು ಬಂದ್ ಹೋದ್ಮೇಲೆ ಎಲ್ಲಾ ಇಳಿಸ್ಬುಟ್ರು. ಅಂಥಾದ್ದು ಏನ್ ಹೇಳಿದ್ರಿ ಅಕ್ಕ?"

"ನಿಂಬೆಹಣ್ಣಿಂದ ಏನೂ ಆಗಿಲ್ಲ ಅಂದೆ."

"ಅಷ್ಟೇನಾ?"

ಅವಳು ಕೇಳುತ್ತಿದ್ದದ್ದು ತನ್ನ ಅಪ್ಪನ ವಿಷಯ. ಅಪ್ಪ ಹೋದಾಗ ಅವಳು ಶಾಲೆಗೂ ಸೇರಿರಲಿಲ್ಲ. ಅಪ್ಪ ಹೇಗೆ ಹೋದರು ಎನ್ನುವುದನ್ನು ಪೂರ್ತಿಯಾಗಿ ತಿಳಿಯುವ ಹಕ್ಕು ಈ ಲೋಕದಲ್ಲಿ ಇನ್ನು ಯಾರಿಗಾದರೂ ಇದ್ದರೆ ಅದು ಅವಳಿಗೆ. ಚಾಚಿಗೆ ಹೇಳದೆ ಉಳಿಸಿಕೊಂಡದ್ದನ್ನು ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ನನಗೆ ಬರಲಾರದು ಎಂದು ಆಗಲೇ ಗೊತ್ತಾಗಿತ್ತು.

"ಅಷ್ಟೇ ಕಣಮ್ಮ," ಅಂದೆ.

ಅವಳು ನನ್ನ ಕೈ ಹಿಡಿದು, ಅವಳಮ್ಮನ ಹಾಗೆಯೇ ಕಣ್ಣಿಗೊತ್ತಿಕೊಂಡಳು. ಚಾಚಿ ಇಲ್ಲ. ಅವರ ಕ್ಷಮೆ ಕೇಳುವ ದಾರಿ ಮುಚ್ಚಿಹೋಗಿದೆ. ಅವರು ನನಗಾಗಿ ಕೇಳಿದ ದುವಾ ಮಾತ್ರ ಎಲ್ಲೋ ಇದ್ದೇ ಇದೆ, ನಾನು ಅದಕ್ಕೆ ತಕ್ಕವಳಲ್ಲ ಎಂದು ಗೊತ್ತಿರುವುದು ನನಗೊಬ್ಬಳಿಗೇ.